ಬಯಲು ಸೋಲಬಾರದ ಊರು

ಆ ಊರಿನಲ್ಲಿ ಬಯಲು ಸೋಲಬಾರದು.

ಮಳೆ ಸೋಲಬಹುದು, ಬೆಳೆ ಸೋಲಬಹುದು, ಮನುಷ್ಯರು ಸೋತರಂತೂ ಯಾರೂ ತಿರುಗಿ ನೋಡುವುದಿಲ್ಲ. ಬಯಲು ಮಾತ್ರ ಸೋಲಬಾರದು.

ಊರಿನ ಮೂಡಲಿಗೆ ಒಂದು ದಿಬ್ಬ. ದಿಬ್ಬದ ಬುಡದಿಂದ ಪಡುವಲಿಗೆ ಚಾಚಿಕೊಂಡ ಹಸಿರು ಬಯಲು. ಬಯಲಿನ ತುದಿಯಲ್ಲಿ ಒಂದು ಕುಳಿ. ಕುಳಿಯ ಆಚೆಗೆ ಊರು. ವರ್ಷಕ್ಕೊಮ್ಮೆ, ಮೂಡಗಾಳಿ ಏಳುವ ಕಾಲಕ್ಕೆ, ಹೊಡೆಯುವವನು ದಿಬ್ಬ ಹತ್ತಿ, ಕೋಲು ಎತ್ತಿ, ಒಂದೇ ಒಂದು ಹೊಡೆತ ಹೊಡೆಯುತ್ತಾನೆ. ಚೆಂಡು ಕುಳಿಯ ಈಚೆಗೆ ಬಿದ್ದರೆ ಬಯಲು ಗೆದ್ದ ಹಾಗೆ. ಕುಳಿ ದಾಟಿ ಬಿದ್ದರೆ ಬಯಲು ಸೋತ ಹಾಗೆ. ಸೋತ ಬಯಲನ್ನು ಸೋತಂತೆಯೇ ಬಿಡುವುದು ಊರಿಗೆ ಕೇಡು. ಹಾಗಾಗಿ ಚೆಂಡು ಬಿದ್ದಲ್ಲಿಯವರೆಗೂ ಬಯಲನ್ನು ಉದ್ದ ಮಾಡುತ್ತಾರೆ, ಅಲ್ಲಿ ಹೊಸ ಕುಳಿ ತೋಡುತ್ತಾರೆ, ನಡುವೆ ಸಿಕ್ಕ ಮನೆಗಳನ್ನು ಕೆಡವುತ್ತಾರೆ. ಬಯಲಿಗೆ ಮತ್ತೆ ಮರ್ಯಾದೆ ಬರುತ್ತದೆ.

ಮನೆ ಕಳೆದುಕೊಂಡವರು ಅಳುವುದಿಲ್ಲ. ಗೋಡೆ ಬಿಡುತ್ತಾರೆ, ಬಾವಿ ಬಿಡುತ್ತಾರೆ, ಹಿತ್ತಿಲ ಕರಿಬೇವಿನ ಗಿಡ ಬಿಡುತ್ತಾರೆ. ಹೊಸ್ತಿಲನ್ನು ಮಾತ್ರ ಕಿತ್ತು, ತೊಳೆದು, ಅರಿಸಿನ ಹಚ್ಚಿ, ತಲೆಯ ಮೇಲೆ ಹೊತ್ತು ಪಡುವಲಿಗೆ ನಡೆಯುತ್ತಾರೆ. ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಹೊಸ್ತಿಲು ಹೂತು, ಅದರ ಹಿಂದೆ ಮನೆ ಕಟ್ಟಿಕೊಳ್ಳುತ್ತಾರೆ. ಮೊದಲು ಹೊಸ್ತಿಲು, ಆಮೇಲೆ ಮನೆ.

ಬಿಟ್ಟುಹೋದದ್ದು ಹಾಳಾಗುವುದಿಲ್ಲ. ಬಯಲು ಕಾಯುವ ಹಿರಿಯರಿದ್ದಾರಲ್ಲ, ಅವರು ಒಂದನ್ನೂ ವ್ಯರ್ಥ ಮಾಡುವವರಲ್ಲ. ಕೆಡವಿದ ಅಡುಗೆಮನೆಯ ಹಳ್ಳಕ್ಕೆ ಮರಳು ತುಂಬಿಸಿ ಮರಳುಗುಂಡಿ ಮಾಡುತ್ತಾರೆ. ಬಟ್ಟೆ ಒಗೆಯುತ್ತಿದ್ದ ಕಟ್ಟೆಯನ್ನು ಕೊಳ ಮಾಡುತ್ತಾರೆ. ಬಾವಿಯನ್ನು ಬಾಯಿ ತೆರೆದೇ ಬಿಡುತ್ತಾರೆ. ಚೆಂಡಿಗೆ ಅಡ್ಡಿ ಬೇಕಲ್ಲ! ಆದರೆ ಚೆಂಡು ಇವು ಯಾವುದರಲ್ಲೂ ಬೀಳುವುದಿಲ್ಲ. ಎಲ್ಲದರ ಮೇಲಿಂದ ಹಾರಿಕೊಂಡು ಹೋಗುತ್ತದೆ.

ಹಿಂದೆ ಹೀಗಿರಲಿಲ್ಲವಂತೆ. ಕೋಲು ಬರೀ ಕೋಲಾಗಿತ್ತು, ಚೆಂಡು ಬರೀ ಚಿಂದಿ ಉಂಡೆಯಾಗಿತ್ತು, ಬಯಲು ಗೆಲ್ಲುತ್ತಲೇ ಇತ್ತು. ಆಮೇಲೆ ಕೋಲು ಮಾಡುವವರು ಕೋಲಿನ ತುದಿಗೆ ಕಬ್ಬಿಣ ಕೂರಿಸಿದರು. ಚೆಂಡು ಹೊಲಿಯುವವರು ಚಿಂದಿ ಬಿಟ್ಟು ಬೂರುಗದ ಅರಳೆ ತುಂಬಿದರು, ಅರಳೆ ಬಿಟ್ಟು ಹಕ್ಕಿಗರಿ ತುಂಬಿದರು. ಹೊಡೆಯುವವರು ಹಾಲು ಕುಡಿದು, ಬಂಡೆ ಎತ್ತಿ, ತೋಳು ಬೆಳೆಸಿದರು. ಆಗ ಹಿರಿಯರು ಕೂತು ಒಂದು ಮಾತು ಕಟ್ಟಿದರು: ಕೋಲಿಗೆ ಅಡ್ಡಿ ಹೇಳಬಾರದು, ಚೆಂಡಿಗೆ ಅಡ್ಡಿ ಹೇಳಬಾರದು, ತೋಳಿಗೆ ಅಡ್ಡಿ ಹೇಳಬಾರದು. ಅಡ್ಡಿ ಏನಿದ್ದರೂ ನೆಲದ ಮೇಲಿರಲಿ.

ಅವತ್ತಿನಿಂದ ಊರು ಪಡುವಲಿಗೆ ನಡೆಯುತ್ತಿದೆ.

ಆ ಊರಿನಲ್ಲಿ ಚೆಂಡು ಹೊಲಿಯುವವಳು ಒಬ್ಬಳಿದ್ದಳು. ವಯಸ್ಸು ಚಿಕ್ಕದು, ನಾಲಿಗೆ ಉದ್ದ. ಅವಳ ಗಂಡನೇ ಹೊಡೆಯುವವನು. ಅವಳ ತವರುಮನೆ ಈಗ ಬಯಲಿನ ನಟ್ಟನಡುವಿನ ಮರಳುಗುಂಡಿ. ಹಿರಿಯರು ಅದಕ್ಕೆ ದೊಡ್ಡ ಮರಳುಗುಂಡಿ ಎನ್ನುತ್ತಿದ್ದರು. ಅವಳು ಅದಕ್ಕೆ ಅಮ್ಮನ ಅಡುಗೆಮನೆ ಎನ್ನುತ್ತಿದ್ದಳು. ಅದರ ಪಕ್ಕ ಹಾಯುವಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತಿದ್ದಳು, ಒಳಗಿನಿಂದ ಯಾರೋ ಊಟಕ್ಕೆ ಕರೆದಾರೇನೋ ಎನ್ನುವಂತೆ.

ಕರೆಯುವುದಕ್ಕೆ ಹೆಸರಾದರೂ ಎಲ್ಲಿತ್ತು ಅವಳಿಗೆ? ಆ ಊರಿನಲ್ಲಿ ಹುಟ್ಟಿದ ಕೂಡಲೇ ಹೆಸರಿಡುವುದಿಲ್ಲ. ಮಗು ತಾನಾಗಿ ಅಂಬೆಗಾಲಿಟ್ಟು ಮನೆಯ ಹೊಸ್ತಿಲು ದಾಟಬೇಕು. ದಾಟಿದ ದಿನ ತಾಯಿ ಹೆಸರು ಹೇಳುತ್ತಾಳೆ, ನೆರೆಹೊರೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು, ಬಗ್ಗಿ, ಮಗುವಿನ ಕಿವಿಯಲ್ಲಿ ಆ ಹೆಸರನ್ನು ಕರೆಯುತ್ತಾರೆ. ಆದರೆ ದಾಟುವ ಹೊಸ್ತಿಲು ಬೇರು ಬಿಟ್ಟಿರಬೇಕು. ಹೊಸದಾಗಿ ಹೂತ ಹೊಸ್ತಿಲಿಗೆ ಬೇರು ಬರಲು ವರ್ಷಗಳೇ ಬೇಕು. ಎತ್ತಿ ಇಟ್ಟು, ಇಟ್ಟು ಎತ್ತಿ ಮಾಡುವ ಹೊಸ್ತಿಲಿಗೆ ಬೇರೆಲ್ಲಿಂದ ಬರಬೇಕು? ಹಾಗಾಗಿ ಊರಿನ ತುಂಬ ಹೆಸರಿಲ್ಲದವರೇ. ಕುಂಬಾರಗಿತ್ತಿ, ಎಣ್ಣೆಯವನು, ಕೋಲಿನವನು, ಅವನ ಎರಡನೆಯವಳು. ಕೆಲಸ ಇದ್ದವರಿಗೆ ಕೆಲಸವೇ ಹೆಸರು. ಕೆಲಸವಿಲ್ಲದವರಿಗೆ 'ಏಯ್'.

ಹೆಸರಿದ್ದವಳು ಒಬ್ಬಳೇ, ಚೆಂಡು ಹೊಲಿಯುವವಳ ಅತ್ತೆ. ಯಾಕೆಂದರೆ ಅವರದ್ದು ಹಳೆಯ ಊರಿನ ಕಟ್ಟಕಡೆಯ ಮನೆ. ಒಂದು ಕಾಲಕ್ಕೆ ಕೊನೆಮನೆಯವರು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರಂತೆ. ಮುಂದಿನ ಮನೆಗಳೆಲ್ಲ ಕಿತ್ತು ಹಿಂದಕ್ಕೆ ಹೋಗಿ, ಕೊನೆಯ ಮನೆ ಈಗ ಮೊದಲನೆಯದಾಗಿತ್ತು. ಅದರ ಹೊಸ್ತಿಲು ಮಾತ್ರ ಇದ್ದಲ್ಲೇ ಇತ್ತು, ತುಳಿದು ತುಳಿದು ನಡುವೆ ತಗ್ಗಾಗಿತ್ತು. ಅತ್ತೆ ಆ ಹೊಸ್ತಿಲನ್ನೇ ದಾಟಿ ಹೆಸರು ಪಡೆದವಳು. ಅದೇ ಮನೆಯ ಮಗಳು, ಮನೆಯಳಿಯನನ್ನು ತಂದುಕೊಂಡು ಅಲ್ಲೇ ಉಳಿದವಳು. ಅವಳನ್ನು ಹೆಸರು ಹಿಡಿದು ಕರೆಯುವ ವಯಸ್ಸಿನವರೆಲ್ಲ ಸತ್ತುಹೋಗಿದ್ದರು. ಹೆಸರು ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯಂತೆ ಅವಳೊಳಗೇ ಇತ್ತು.

"ಹೆಸರಿದ್ದು ಏನು ಸುಖ ಅತ್ತೆ?" ಎಂದು ಸೊಸೆ ಒಮ್ಮೆ ಕೇಳಿದ್ದಳು.

"ಸುಖ ಏನಿಲ್ಲ ಕಣೇ. ಹೆಸರಿದ್ದೋರ ಸಾಕ್ಷೀನ ಹಿರಿಯರೂ ತಳ್ಳೋ ಹಾಗಿಲ್ಲ. ಅಷ್ಟೇ."

"ಸುಳ್ಳು ಸಾಕ್ಷಿ ಹೇಳಿದ್ರೂ?"

"ಹೇಳ್ಬೋದು. ಹೇಳಿದ ಗಳಿಗೇಲೇ ಹೆಸರು ಬಿಟ್ಟುಹೋಗತ್ತೆ. ಆಮೇಲೆ ಎಷ್ಟು ತಡಕಾಡಿದ್ರೂ ಸಿಗಲ್ಲ. ಅದಕ್ಕೇ ನಾನು ಬಾಯಿ ಮುಚ್ಕೊಂಡು ಕೂತಿರೋದು. ನೀನೂ ಸ್ವಲ್ಪ ಕಲಿ."

ಚೆಂಡು ಹೊಲಿಯುವವಳಿಗೆ ಒಂದು ಹೆಣ್ಣುಮಗು ಇತ್ತು. ಹೊಟ್ಟೆಯಲ್ಲಿದ್ದಾಗಲೇ ಅದಕ್ಕೊಂದು ಹೆಸರು ಆರಿಸಿ ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದಳು. ಗಂಡನಿಗೂ ಹೇಳಿರಲಿಲ್ಲ. ಉದ್ದ ನಾಲಿಗೆಯವಳು ಅದೊಂದನ್ನು ಮಾತ್ರ ಬಿಗಿಹಿಡಿದಿದ್ದಳು. ಎಷ್ಟೋ ವರ್ಷಗಳಿಂದ ಊರು ಒಂದು ಹೊಸ ಹೆಸರನ್ನು ಕೇಳಿರಲಿಲ್ಲ. ಬೇರು ಬಿಟ್ಟ ಹೊಸ್ತಿಲು ಉಳಿದದ್ದು ಅವರದೊಂದೇ. ಮಗು ಅಂಬೆಗಾಲಿಡುತ್ತಿತ್ತು. ಇನ್ನೇನು ದಾಟಬೇಕು.

ಆದರೆ ಮಗು ದಾಟಲೊಲ್ಲದು. ಹೊಸ್ತಿಲವರೆಗೂ ದಡಬಡ ಬರುವುದು, ಬಂದು ಕೂತುಬಿಡುವುದು. ತಾಯಿ ಹೊರಗೆ ಬೆಲ್ಲ ಇಟ್ಟಳು. ಗಿಲಕಿ ಇಟ್ಟಳು. ಹೊಳೆಯುವ ಹಿತ್ತಾಳೆ ಚೊಂಬು ಇಟ್ಟಳು. ಮಗು ಒಂದೊಂದನ್ನೂ ನೋಡಿ, ತನ್ನ ಹೆಬ್ಬೆರಳೇ ಇವೆಲ್ಲಕ್ಕಿಂತ ರುಚಿ ಎಂದು ಬಾಯಿಗಿಟ್ಟುಕೊಂಡಿತು. ಎತ್ತಿ ದಾಟಿಸುವಂತಿಲ್ಲ, ತಳ್ಳುವಂತಿಲ್ಲ.

"ಥೇಟ್ ಅಪ್ಪನೇ," ಎಂದಳು ಅತ್ತೆ. "ಅವನನ್ನೂ ಇದೇ ಹೊಸ್ತಿಲ ಮುಂದೆ ಕೂರಿಸಿ ಸಾಕಾಗೋಯ್ತು. ದಾಟಲೇ ಇಲ್ಲ ಮಹರಾಯ. ನಡೆಯೋಕೆ ಬಂದ್ಮೇಲೆ ಹಾರ್ಕೊಂಡು ಹೋದ. ಹಾರಿದೋರಿಗೆ ಹೆಸರಿಲ್ಲ. ಅದಕ್ಕೇ ಈಗ್ಲೂ ಎಲ್ಲದನ್ನೂ ಹಾರಿಸ್ತಾನೆ."

ಮೂಡಗಾಳಿ ಏಳುವ ಕಾಲ ಹತ್ತಿರವಾಯಿತು. ಹೋದ ವರ್ಷದ ಕುಳಿ ಅವರ ಅಂಗಳಕ್ಕೆ ತಾಗಿಕೊಂಡೇ ಇತ್ತು. ಈ ಸಲ ಚೆಂಡು ಒಂದು ಮಾರು ಆಚೆ ಬಿದ್ದರೂ ಮನೆ ಹೋಗುತ್ತದೆ, ಹೊಸ್ತಿಲು ಹೋಗುತ್ತದೆ, ನಾಲಿಗೆ ಕೆಳಗಿನ ಹೆಸರು ಅಲ್ಲೇ ಕೊಳೆಯುತ್ತದೆ. ಅವಳು ಗಂಡನನ್ನು ಹಿಡಿದಳು.

"ರೀ, ಈ ವರ್ಷ ಸ್ವಲ್ಪ ಕಮ್ಮಿ ಹೊಡೀರಿ."

"ಕಮ್ಮಿ ಹೊಡಿಯೋದು ನನಗೆ ಬರಲ್ಲ ಕಣೇ. ಅದನ್ನ ಯಾರೂ ಕಲಿಸಲಿಲ್ಲ. ಕೋಲು ಎತ್ತಿದ್ಮೇಲೆ ತೋಳು ನನ್ನ ಮಾತು ಕೇಳಲ್ಲ."

"ತೋಳು ನಿಮ್ಮ ಮಾತು ಕೇಳಲ್ಲ, ನೀವು ನನ್ನ ಮಾತು ಕೇಳಲ್ಲ. ಈ ಮನೇಲಿ ಹೇಳಿದ್ದು ಕೇಳೋದು ಕೋಳಿ ಒಂದೇ. ಅದರ ಗರೀನೂ ಕಿತ್ತು ನಿಮ್ಮ ಚೆಂಡಿಗೆ ತುಂಬ್ತೀನಿ."

ಅವನು ನಗಲಿಲ್ಲ. ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡ, ಯಾರೋ ಇಟ್ಟುಹೋದ ಸಾಮಾನನ್ನು ನೋಡುವವನ ಹಾಗೆ. "ನನಗೂ ಆಸೆ ಇದೆ ಕಣೇ," ಎಂದ. "ನನ್ನ ಮಗಳನ್ನ ಹೆಸರು ಹಿಡಿದು ಕರೀಬೇಕು ಅಂತ."

ಅವಳು ಹಿರಿಯರ ಬಳಿ ಹೋದಳು. ಅವರು ದಿಬ್ಬದ ಮೇಲೆ ಚಪ್ಪರದ ಕೆಳಗೆ ಕೂತಿದ್ದರು. ಅಳೆಯುವ ಹಗ್ಗ ಹೊತ್ತವನು ಹಗ್ಗದ ಹಿರಿಯ. ಗುಂಡಿ ತೋಡಿಸಿ ಮರಳು ತುಂಬಿಸುವವನು ಮರಳಿನ ಹಿರಿಯ. ಸುತ್ತ ಊರಿನ ಜನ, ಮುಂದೆ ನೀರು ಕುಡಿದು ಹೊಳೆಯುವ ಹುಲ್ಲು. ಊರಿನ ಬಾವಿಗಳಲ್ಲಿ ನೀರಿಲ್ಲದಿದ್ದರೂ ಆ ಹುಲ್ಲಿಗೆ ಯಾವತ್ತೂ ಕಮ್ಮಿಯಾಗಿರಲಿಲ್ಲ.

"ಯಜಮಾನ್ರೇ, ಚೆಂಡು ಸ್ವಲ್ಪ ಮೆತ್ತಗೆ ಹೊಲಿಯೋಕೆ ಅಪ್ಪಣೆ ಕೊಡಿ," ಎಂದಳು.

"ಮೆತ್ತಗಾದರೆ ಹೊಡೆತ ಗಿಡ್ಡವಾಗತ್ತಲ್ಲಮ್ಮ," ಎಂದ ಹಗ್ಗದ ಹಿರಿಯ.

"ಆಗ್ಲಿ."

"ಗಿಡ್ಡ ಹೊಡೆತ ನೋಡೋಕೆ ಯಾರು ಬರ್ತಾರೆ?"

"ಈಗ ಯಾರು ನೋಡ್ತಿದಾರೆ? ಚೆಂಡು ಎಲ್ಲಿ ಬಿತ್ತು ಅಂತ ದಿಬ್ಬದ ಮೇಲಿರೋ ಒಬ್ಬರಿಗೂ ಕಾಣಲ್ಲ. ಆಕಾಶ ನೋಡ್ಕೊಂಡು ಚಪ್ಪಾಳೆ ತಟ್ತೀರ. ಅದು ಬೀಳೋದು ಕಾಣೋದು, ಯಾರ ಮನೆ ಮುಂದೆ ಬೀಳತ್ತೋ ಅವರಿಗೆ ಮಾತ್ರ."

ಜನರಲ್ಲಿ ಯಾರೋ ಕಿಸಕ್ಕೆಂದರು. ಮರಳಿನ ಹಿರಿಯ ಸಮಾಧಾನದ ದನಿಯಲ್ಲಿ, "ಹೆದರ್ಬೇಡ ತಾಯಿ. ನಿನ್ನ ಮನೆ ಮುಂದೆ ಇನ್ನೊಂದು ಮರಳುಗುಂಡಿ ತೋಡಿಸ್ತೀನಿ. ಆಳವಾಗಿ," ಎಂದ.

"ಯಾಕೆ, ಚೆಂಡೇನು ನಡ್ಕೊಂಡು ಬರತ್ತಾ ಯಜಮಾನ್ರೇ, ಎಡವಿ ಬೀಳೋಕೆ?"

"ಹುಲ್ಲು ಎತ್ತರಕ್ಕೆ ಬೆಳೆಸ್ತೀವಿ. ಚೆಂಡಿನ ದಾರಿ ಕಿರಿದು ಮಾಡ್ತೀವಿ."

"ಬೆಳೆಸಿ. ಹುಲ್ಲಿಗೆ ಸಿಗೋಕೆ ಅದು ಕೆಳಗೆ ಬಂದ್ರೆ ತಾನೆ? ಅಷ್ಟೆಲ್ಲ ನೆಲ ಅಗೆಯೋ ಬದಲು ಚೆಂಡಿಂದ ಒಂದು ಹಿಡಿ ಗರಿ ತೆಗೆದ್ರೆ ಮುಗೀತಲ್ಲ?"

ಹೇಳಬಾರದ್ದನ್ನು ಹೇಳಿದ್ದಳು. ಹಗ್ಗದ ಹಿರಿಯ ಹಗ್ಗವನ್ನು ಮಡಿಲಿನಲ್ಲಿ ಸುತ್ತುತ್ತಾ ನಿಧಾನವಾಗಿ ಹೇಳಿದ: "ಹೋದ ವರ್ಷಕ್ಕಿಂತ ಈ ವರ್ಷ ದೂರ. ಈ ವರ್ಷಕ್ಕಿಂತ ಬರೋ ವರ್ಷ ದೂರ. ಅದನ್ನ ತಡೆದರೆ ಊರು ಮುಂದೆ ಹೋಗತ್ತಾ ತಾಯಿ?"

"ಊರು ಎಲ್ಲಿ ಮುಂದೆ ಹೋಗ್ತಿದೆ? ಹಿಂದಕ್ಕೆ ಹೋಗ್ತಿದೆ. ಹಿಂದೆ ಕಲ್ಲುಬೆಟ್ಟ ಇದೆ. ಬೆಟ್ಟದ ಮೇಲೆ ಹೊಸ್ತಿಲು ಹೂಳೋಕಾಗಲ್ಲ."

ಆಗ ಜನರೊಳಗಿಂದ ಕುಂಬಾರಗಿತ್ತಿ ಎದ್ದಳು. ಮೂರು ಸಲ ಹೊಸ್ತಿಲು ಹೊತ್ತವಳು, ನೆತ್ತಿಯ ಕೂದಲು ಸವೆದುಹೋಗಿತ್ತು. "ಈಗ ನೋವಾಯ್ತೇನೇ ನಿನಗೆ?" ಎಂದಳು. "ನನ್ನ ಮಗೂಗೆ ಹಲ್ಲು ಬಂತು, ನಡಿಗೆ ಬಂತು, ಹೆಸರು ಬರಲಿಲ್ಲ. ಆವಾಗ ಚೆಂಡು ಹೊಲಿದೋಳು ನೀನೇ ಅಲ್ವಾ? ಎಷ್ಟು ಗಟ್ಟಿ ಹೊಲಿಗೆ ನೋಡ್ರೀ ಅಂತ ಎಲ್ಲರಿಗೂ ಒತ್ತಿ ಒತ್ತಿ ತೋರಿಸ್ತಿದ್ದೆ. ನಿಮ್ಮಮ್ಮನ ಚೆಂಡಿಗಿಂತ ಗಟ್ಟಿ ಅಂತ ಹೆಮ್ಮೆ ಬೇರೆ. ಈಗ ನಿನ್ನ ಬಾಗಿಲಿಗೆ ಬಂದಾಗ ಮೆತ್ತಗಾಗಬೇಕಾ ಅದು?"

ಚೆಂಡು ಹೊಲಿಯುವವಳು ದಿಬ್ಬ ಇಳಿದಳು.

ಚೆಂಡಿನ ಕೆಲಸ ಹೀಗೆ: ಒಂದು ಬುಟ್ಟಿ ತುಂಬ ಗರಿಯನ್ನು ಬಿಸಿನೀರಿಗೆ ಹಾಕಿ ಮೆತ್ತಗೆ ಮಾಡಬೇಕು. ನೆನೆದ ಚರ್ಮದ ಚೀಲದೊಳಗೆ ಅದನ್ನು ತುರುಕಬೇಕು. ಅಷ್ಟು ದೊಡ್ಡ ಬುಟ್ಟಿಯ ಗರಿ ಇಷ್ಟು ಸಣ್ಣ ಚೀಲದೊಳಗೆ ಹೋಗುತ್ತದೆ ಎಂದರೆ ನೋಡದವರು ನಂಬುವುದಿಲ್ಲ. ಎದೆಗೆ ಕಡ್ಡಿ ಆನಿಸಿ, ಮೈಭಾರವನ್ನೆಲ್ಲ ಹಾಕಿ ತುರುಕಿ ಬಾಯಿ ಹೊಲಿಯಬೇಕು. ಬಿಸಿಲಿಗಿಟ್ಟರೆ ಗರಿ ಒಳಗೆ ಉಬ್ಬುತ್ತದೆ, ಚರ್ಮ ಹೊರಗೆ ಬಿಗಿಯುತ್ತದೆ. ಕಲ್ಲಾಗುತ್ತದೆ. ಆಮೇಲೆ ಹಗ್ಗದ ಹಿರಿಯ ಬಂದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಬೆರಳು ಒಂದು ಎಳ್ಳಷ್ಟು ತಗ್ಗಿದರೂ ಆ ಚೆಂಡು ಕಸಕ್ಕೆ.

ಗರಿ ಕಡಿಮೆ ಮಾಡಿದರೆ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಅವಳು ಗರಿಗೆ ಕೈ ಹಾಕಲಿಲ್ಲ. ಹೊಲಿಗೆಗೆ ಹಾಕಿದಳು. ಒಂದು ಎಳೆಗೂ ಇನ್ನೊಂದು ಎಳೆಗೂ ನಡುವೆ ಜಾಗ ಬಿಟ್ಟಳು. ಮೇಣ ಹಚ್ಚದ ಬರೀ ದಾರ ಹಾಕಿದಳು. ಹೊಡೆತ ಬಿದ್ದಾಗ ಹೊಲಿಗೆ ಸ್ವಲ್ಪ ಜಗ್ಗಲಿ, ಚೆಂಡು ಉಸಿರು ಬಿಡಲಿ, ಸುಸ್ತಾಗಿ ಕುಳಿಯ ಈಚೆ ಕೂರಲಿ ಎಂದು ಅವಳ ಲೆಕ್ಕ. ಅವಳ ತಾಯಿ, ತಾಯಿಯ ತಾಯಿ, ಅದಕ್ಕೂ ಹಿಂದಿನವರು, ಎಲ್ಲರೂ ಹಿಂದಿನವರಿಗಿಂತ ಬಿಗಿಯಾಗಿಯೇ ಹೊಲಿದವರು. ಸಡಿಲ ಹೊಲಿಗೆ ಏನು ಮಾಡುತ್ತದೆ ಎನ್ನುವುದು ಆ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಹಗ್ಗದ ಹಿರಿಯ ಬಂದ. ಹೆಬ್ಬೆರಳು ಒತ್ತಿದ. ಬೆರಳು ತಗ್ಗಲಿಲ್ಲ. "ಭೇಷ್," ಎಂದ.

ಹೊಡೆತದ ದಿನ ಮೂಡಗಾಳಿ ಜೋರಾಗಿತ್ತು. ಮಗುವನ್ನು ಅತ್ತೆಯ ಬಳಿ ಬಿಟ್ಟು ಅವಳು ಚೆಂಡು ಹಿಡಿದು ದಿಬ್ಬ ಹತ್ತಿದಳು. ಹೊಲಿದವಳು ಎರಡೂ ಕೈಯಿಂದ ಕೊಡಬೇಕು, ಹೊಡೆಯುವವನು ಎರಡೂ ಕೈಯಿಂದ ತೆಗೆದುಕೊಳ್ಳಬೇಕು, ಅದು ಪದ್ಧತಿ. ಗಂಡನ ಬೆರಳು ಹೊಲಿಗೆಯ ಮೇಲೆ ಹರಿಯಿತು, ನಿಂತಿತು. ಅವನು ಅವಳ ಮುಖ ನೋಡಿದ. ಅವಳು ನೆಲ ನೋಡಿದಳು. ಅವನು ಚೆಂಡನ್ನು ಹುಲ್ಲಿನ ಮೇಲಿಟ್ಟು ಕೋಲು ಎತ್ತಿದ.

ಅಂಥ ಹೊಡೆತವನ್ನು ಯಾರೂ ಕಂಡಿರಲಿಲ್ಲ. ಕೋಲು ಗಾಳಿಯನ್ನು ಸೀಳಿದ್ದು ಕೇಳಿಸಿತು. ಆಮೇಲೆ ಬಟ್ಟೆ ಹರಿದಂಥ ಒಂದು ಸದ್ದು. ದಿಬ್ಬದ ಬುಡದಲ್ಲಿ ಚರ್ಮದ ಚೀಲ ಸತ್ತ ಇಲಿಯಂತೆ ಬಿತ್ತು. ಅದರ ಮೇಲೆ, ಆಕಾಶದಲ್ಲಿ, ಗರಿ.

ಬುಟ್ಟಿ ತುಂಬ ಗರಿ. ಬಿಳಿ ಗರಿ. ಗಾಳಿ ಅದನ್ನು ಹಿಡಿದುಕೊಂಡಿತು. ಅದು ಅಮ್ಮನ ಅಡುಗೆಮನೆಯನ್ನು ದಾಟಿತು, ಒಗೆಯುವ ಕಟ್ಟೆಯ ಕೊಳ ದಾಟಿತು, ಬಾಯಿ ತೆರೆದ ಬಾವಿಗಳನ್ನು ದಾಟಿತು, ಕುಳಿ ದಾಟಿತು. ಊರಿನ ಮೇಲೆ ಹರಡಿಕೊಂಡು, ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ಇಳಿಯತೊಡಗಿತು.

ಜನ ಚಪ್ಪಾಳೆ ತಟ್ಟುವುದನ್ನು ಮರೆತರು.

"ಚೆಂಡು ಇಲ್ಲಿದೆ!" ಎಂದು ಅವಳು ಕೂಗಿದಳು. ದಿಬ್ಬ ಇಳಿದು ಓಡಿ ಹೋಗಿ ಆ ಚರ್ಮವನ್ನು ಎತ್ತಿ ಹಿಡಿದಳು. "ಇಲ್ಲೇ ಬಿದ್ದಿದೆ ನೋಡಿ! ಬಯಲು ಗೆದ್ದಿದೆ!"

ಹಿರಿಯರು ತಲೆಗೆ ತಲೆ ಸೇರಿಸಿ ಮಾತಾಡಿದರು. ಆಮೇಲೆ ಮರಳಿನ ಹಿರಿಯ ಕೇಳಿದ: "ಚೀಲಾನ ಯಾವತ್ತಾದ್ರೂ ಚೆಂಡು ಅಂತಾರೇನಮ್ಮ? ಅಕ್ಕಿ ಚೆಲ್ಲಿದ ಮೇಲೆ ಖಾಲಿ ಚೀಲ ತೋರಿಸಿ ಅಕ್ಕಿ ಇಲ್ಲೇ ಇದೆ ಅಂತೀಯಾ? ಒಳಗೆ ಇದ್ದದ್ದೇ ಚೆಂಡು."

"ಅದು ಗರಿ ಯಜಮಾನ್ರೇ! ಗರಿ ಹಾರತ್ತೆ!"

"ಅಡ್ಡಿ ಹೇಳಬಾರದು," ಎಂದ ಹಗ್ಗದ ಹಿರಿಯ. ಅವನ ಕಣ್ಣು ಒದ್ದೆಯಾಗಿತ್ತು. ಅಷ್ಟು ದೂರದ ಹೊಡೆತವನ್ನು ನೋಡಲು ತಾನು ಬದುಕಿದ್ದೆನಲ್ಲ ಎಂಬ ಸಂತೋಷಕ್ಕೆ. "ಗರಿ ಎಲ್ಲೆಲ್ಲಿ ನೆಲ ಮುಟ್ಟಿದೆಯೋ ಅಲ್ಲಿಯವರೆಗೂ ಬಯಲು."

ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ಊರಿನ ಕಡೆ ಹೊರಟ. ಅವಳು ಅವನಿಗಿಂತ ಮುಂದೆ ಓಡಿದಳು.

ಬೀದಿಗಳಲ್ಲಿ ಗರಿ ಬಿದ್ದಿತ್ತು. ಕುಂಬಾರಗಿತ್ತಿಯ ಒದ್ದೆ ಮಡಕೆಗೆ ಒಂದು ಅಂಟಿಕೊಂಡಿತ್ತು. ಎಣ್ಣೆಯವನ ಗಾಣದ ಬಳಿ ಒಂದು. ಬೆಟ್ಟದ ಬುಡದ ಕಟ್ಟಕಡೆಯ ಗುಡಿಸಲಿನ ಅಂಗಳದಲ್ಲೂ ಒಂದಂತೆ. ಯಾರೂ ಬೈಯಲಿಲ್ಲ. ಗರಿ ಎತ್ತಿ ನೋಡಿದವರು ಅದನ್ನು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಹೋಗಿ ಹಾರೆ ತಂದರು. ಹೊಸ್ತಿಲ ಬುಡ ಅಗೆಯುವ ಸದ್ದು ಒಂದು ಮನೆಯಿಂದ ಶುರುವಾಗಿ ಊರೆಲ್ಲ ಹಬ್ಬಿತು. ಅವರಿಗೆ ಅದೊಂದು ಕೆಲಸ ಚೆನ್ನಾಗಿ ಬರುತ್ತಿತ್ತು.

ಅವಳು ತನ್ನ ಮನೆ ಮುಟ್ಟಿದಾಗ ಅತ್ತೆ ಬಾಗಿಲ ಒಳಗೆ ಕೂತಿದ್ದಳು. ಮಗು ಹೊರಗಿತ್ತು. ಹೊಸ್ತಿಲಿನ ಆಚೆ, ಅಂಗಳದ ಮಣ್ಣಿನಲ್ಲಿ, ಮುಷ್ಟಿಯೊಳಗೆ ಒಂದು ಬಿಳಿ ಗರಿ ಹಿಡಿದು, ಅದರ ತುದಿಯನ್ನು ಬಾಯಿಗೆ ಹಾಕಿಕೊಂಡು ಕೂತಿತ್ತು.

"ದಾಟಿಬಿಟ್ಳು ಕಣೇ," ಎಂದಳು ಅತ್ತೆ. "ಬೆಲ್ಲ ಬೇಡ, ಗಿಲಕಿ ಬೇಡ. ಗರಿ ಬಂತು ನೋಡು, ಅಂಬೆಗಾಲಲ್ಲೇ ಓಡಿದ್ಳು."

ಚೆಂಡು ಹೊಲಿಯುವವಳ ಎದೆ ಒಂದು ಸಲ ಹಿಗ್ಗಿತು, ಹಿಗ್ಗಿದಲ್ಲೇ ನಿಂತಿತು. "ಅತ್ತೆ," ಎಂದಳು. "ಗರಿ ನೆಲಕ್ಕೆ ಬಿದ್ದ ಮೇಲೆ ದಾಟಿದ್ಳಾ, ಮೊದಲೇ ದಾಟಿದ್ಳಾ?"

ಗರಿ ನೆಲ ಮುಟ್ಟಿದ ಗಳಿಗೆಯಲ್ಲಿ ಆ ನೆಲ ಬಯಲು. ಆ ಮನೆ ಮನೆಯಲ್ಲ, ಆ ಹೊಸ್ತಿಲು ಬರೀ ಮರದ ತುಂಡು. ಅದನ್ನು ಎಷ್ಟು ಸಲ ದಾಟಿದರೂ ಹೆಸರು ಬರುವುದಿಲ್ಲ. ಅಷ್ಟರಲ್ಲಿ ಹಗ್ಗದ ಹಿರಿಯ ಅಂಗಳಕ್ಕೆ ಬಂದಿದ್ದ.

ಅವನು ಮಗುವನ್ನು ನೋಡಿದ, ಗರಿಯನ್ನು ನೋಡಿದ, ಹಗ್ಗ ಇಳಿಸಿದ.

"ಇಲ್ಲೂ ಬಿದ್ದಿದೆ," ಎಂದ.

"ಬಿದ್ದಿಲ್ಲ," ಎಂದಳು ಅತ್ತೆ. ಗೋಡೆ ಹಿಡಿದು ಎದ್ದು ನಿಂತಳು. "ಗರಿ ಗಾಳೀಲಿತ್ತು. ಮಗು ದಾಟಿ ಹೋಗಿ ಕೈ ಚಾಚಿ ಹಿಡೀತು. ನೆಲ ಮುಟ್ಟಿಲ್ಲ."

"ಅಂಬೆಗಾಲಿಡೋ ಕೂಸು ಗಾಳೀಲಿರೋದನ್ನ ಹಿಡೀತೇ ಅಜ್ಜಿ?"

"ಹೆಸರಿರೋಳು ನಾನು. ಹೆಸರು ಮುಂದಿಟ್ಟು ಹೇಳ್ತಿದೀನಿ." ಅವಳು ತನ್ನ ಹೆಸರನ್ನು ಹೇಳಿದಳು. ಎಷ್ಟೋ ವರ್ಷಗಳ ಮೇಲೆ ಆ ಅಂಗಳ ಅದನ್ನು ಕೇಳಿತು. "ಗರಿ ನೆಲ ಮುಟ್ಟಿಲ್ಲ."

ಆ ಸಾಕ್ಷಿಯನ್ನು ತಳ್ಳುವಂತಿರಲಿಲ್ಲ. ಹಗ್ಗದ ಹಿರಿಯ ಹಿಂದೆ ತಿರುಗಿ, ಜೊತೆಗೆ ಬಂದಿದ್ದ ಮರಳಿನ ಹಿರಿಯನನ್ನು ಕೇಳಿದ: "ಏನು ಮಾಡೋಣ?"

ಮರಳಿನ ಹಿರಿಯ ಮನೆಯನ್ನು ಒಂದು ಸುತ್ತು ಹಾಕಿ ಬಂದ. ಅವನ ಮುಖ ಅರಳಿತು. "ಇರಲಿ ಬಿಡಿ," ಎಂದ. "ಇನ್ನು ಮುಂದೆ ಬಯಲಿನ ನಡುಮಧ್ಯಕ್ಕೆ ಬರತ್ತೆ ಈ ಮನೆ. ಮರಳಿದೆ, ನೀರಿದೆ, ಬಾವಿ ಇದೆ. ಮನೆ ಒಂದು ಇರಲಿಲ್ಲ. ಒಳ್ಳೇ ಅಡ್ಡಿ."

ಅವರು ಹಗ್ಗ ಎಳೆದುಕೊಂಡು ಪಡುವಲಿಗೆ ಹೋದರು.

ಸೊಸೆ ಅತ್ತೆಯ ಕಡೆ ತಿರುಗಿದಳು. ಮುದುಕಿಯ ತುಟಿ ಅಲ್ಲಾಡುತ್ತಿತ್ತು, ಬಾಯೊಳಗೆ ಏನನ್ನೋ ಹುಡುಕುವಂತೆ.

"ಅತ್ತೆ, ಈಗ ಹೇಳಿದ್ರಲ್ಲ ನಿಮ್ಮ ಹೆಸರು, ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದು ಸಲ ಹೇಳಿ."

"ಏನೋ ಇತ್ತು ಕಣೇ," ಎಂದಳು ಅತ್ತೆ. "ನಮ್ಮಮ್ಮ ಕರೀತಿದ್ಳು. ಏನೋ ಚೆನ್ನಾಗಿತ್ತು." ಮತ್ತೆ ಕೂತಳು.

ಹೊಡೆಯುವವನು ದಿಬ್ಬದಿಂದ ಬಂದಾಗ ಅವನ ಕೊರಳ ತುಂಬ ಹೂವಿನ ಹಾರವಿತ್ತು. ಅಂಗಳದಲ್ಲಿ ನಿಂತು ಒಂದೊಂದಾಗಿ ತೆಗೆದುಹಾಕಿದ.

"ಹೊಲಿಗೆ ಸಡಿಲ ಅಂತ ಕೈಗೆ ಗೊತ್ತಾಯ್ತು," ಎಂದ. "ಅದಕ್ಕೇ ಯಾವತ್ತಿಗಿಂತ ಜೋರಾಗಿ ಹೊಡೆದೆ."

"ಯಾಕೆ?"

"ಚೆಂಡು ಹತ್ತಿರಾನೇ ಬಿದ್ರೆ ಹೊಲಿದೋಳನ್ನ ಬೈತಾರೆ. ನಿನ್ನನ್ನ ಬೈಯೋದು ಬೇಡ ಅಂತ."

ಅವಳು ಅವನನ್ನು ನೋಡಿದಳು. ಬೈಯಲು ಊರಷ್ಟು ಮಾತಿತ್ತು. "ಒಳಗೆ ಬನ್ನಿ," ಎಂದಳು. "ಊಟ ಮಾಡಿ."

ಹೆಸರು ಹೇಳುವ ಶಾಸ್ತ್ರ ಅದೇ ದಿನ ಆಗಬೇಕು. ಅವಳು ಹೊಸ್ತಿಲಿಗೆ ಅರಿಸಿನ ಹಚ್ಚಿ, ಕುಂಕುಮ ಇಟ್ಟು, ರಂಗೋಲಿ ಹಾಕಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ನಾಲಿಗೆ ಕೆಳಗಿನ ಹೆಸರನ್ನು ಹೊರಗೆ ತೆಗೆದು ಮೊದಲ ಸಲ ಹೇಳಿದಳು. ಸಣ್ಣ ಹೆಸರು. ಬಾಯಿಗೆ ತಂಪಾಗಿತ್ತು. ಇನ್ನು ನೆರೆಹೊರೆಯವರು ಬಂದು ಕಿವಿಯಲ್ಲಿ ಕರೆಯಬೇಕು.

ನೆರೆಹೊರೆ ಬೀದಿಯಲ್ಲಿ ಹೋಗುತ್ತಿತ್ತು. ಒಬ್ಬರ ಹಿಂದೆ ಒಬ್ಬರು, ತಲೆಯ ಮೇಲೆ ತೊಳೆದ ಹೊಸ್ತಿಲು. ಬೆಟ್ಟದ ಆಚೆ ಏನಿದೆಯೋ ಯಾರಿಗೂ ಗೊತ್ತಿಲ್ಲ. ಅಲ್ಲಿಗೇ ಹೊರಟಿದ್ದರು. ಕುಂಬಾರಗಿತ್ತಿ ಅವಳ ಮುಂದೆ ಬಂದಾಗ ನಿಂತಳು.

"ದಾಟಿತಂತಲ್ಲ ಮಗು."

"ಹೂಂ ಅಕ್ಕ. ಒಂದು ಸಲ ಬಗ್ಗಿ ಕಿವೀಲಿ ಹೆಸರು ಕರಿ. ಒಬ್ಬರಾದ್ರೂ ಕರೀಬೇಕು. ನಿನ್ನ ಕಾಲಿಗೆ ಬೀಳ್ತೀನಿ."

ಕುಂಬಾರಗಿತ್ತಿ ಮಗುವನ್ನು ನೋಡಿದಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. "ತಲೆ ಮೇಲೆ ಹೊಸ್ತಿಲಿದೆ ಕಣೇ," ಎಂದಳು. "ಬಗ್ಗೋಕಾಗಲ್ಲ."

ಅವಳು ಮುಂದೆ ಹೋದಳು. ಅವಳ ಹಿಂದಿನವಳೂ ಹೋದಳು. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.

ಖಾಲಿ ಮನೆಗಳ ಗೋಡೆಗಳನ್ನು ಕೆಡವಿದರು. ಮರಳು ಬಂತು, ಹುಲ್ಲು ಬಂತು. ಈಗ ಬಯಲು ದಿಬ್ಬದಿಂದ ಬೆಟ್ಟದವರೆಗೆ. ನಡುವೆ ಒಂದು ಮನೆ. ಗಾಳಿ ಏಳುವ ಕಾಲಕ್ಕೆ ಗಂಡ ಈಗಲೂ ದಿಬ್ಬ ಹತ್ತುತ್ತಾನೆ. ಚೆಂಡನ್ನು ಬೇರೆ ಯಾರೋ ಹೊಲಿಯುತ್ತಾರೆ, ಇನ್ನೂ ಬಿಗಿಯಾಗಿ. ಅದು ಮನೆಯ ಹೆಂಚಿನ ಮೇಲಿಂದ ಹಾರಿಹೋಗುತ್ತದೆ. ಅದರ ನೆರಳು ಒಂದು ಕ್ಷಣ ಅಂಗಳವನ್ನು ದಾಟುತ್ತದೆ. ಅತ್ತೆ ಕೂತಲ್ಲೇ ತಲೆ ಎತ್ತಿ, ಯಾರಾದರೂ ಕರೆದರಾ ಎಂದು ಕೇಳುತ್ತಾಳೆ.

ಮಗು ನಡೆಯಲು ಕಲಿಯಿತು, ಓಡಲು ಕಲಿಯಿತು. ಮನೆಯೊಳಗೆ ಹೆಸರಿನ ಅಗತ್ಯವೇನು? ಕೂಸೇ ಅಂದರೆ ಅದೇ, ಮಗಾ ಅಂದರೆ ಅದೇ, ಬಾ ಅಂದರೂ ಅದೇ. ಇನ್ನೊಂದು ಕೂಸಿದ್ದರೆ ತಾನೇ ಬೇರೆ ಮಾಡಿ ಕರೆಯುವುದು.

ಒಂದು ಸಂಜೆ ಅದು ಹುಲ್ಲಿನ ಮೇಲೆ ದೂರ ಓಡಿಹೋಗಿತ್ತು. ಬಾಯಿ ತೆರೆದ ಬಾವಿಗಳ ಕಡೆಗೆ. ತಾಯಿ ಹೊಸ್ತಿಲ ಮೇಲೆ ನಿಂತು, ಎದೆ ತುಂಬ ಉಸಿರು ತೆಗೆದುಕೊಂಡು, ಹೆಸರು ಹಿಡಿದು ಕೂಗಿದಳು. ಬಯಲು ಅಷ್ಟು ಉದ್ದವಾಗಿತ್ತು, ದನಿ ಎಲ್ಲಿಯೂ ತಾಗಿ ಹಿಂದೆ ಬರಲಿಲ್ಲ.

ಮಗಳು ಓಡುವುದನ್ನು ನಿಲ್ಲಿಸಿದಳು. ತಾಯಿಯನ್ನು ನೋಡಿದಳು. ಆಮೇಲೆ, ಅಮ್ಮ ಯಾರನ್ನು ಕರೆಯುತ್ತಿದ್ದಾಳೆ ಎಂದು, ಹಿಂದೆ ತಿರುಗಿ ನೋಡಿದಳು.